ಎಂಜಿನ್ ಕೂರಿಸುವ ವಿದ್ಯೆ



ಬಹುದಿನಗಳಿಂದ ಮನಸ್ಸಿನಲ್ಲಿದ್ದ ವಿಷಯವೊಂದನ್ನು ಇಂದು ಎತ್ತಿಕೊಂಡಿದ್ದೇನೆ. ನಿಮ್ಮಲ್ಲಿ ಹಲವರು ಮಕ್ಕಳ ಹುಟ್ಟುಹಬ್ಬಕ್ಕೆ ಡ್ರೋನ್ ಕೊಡಿಸಿದ ಸಂಗತಿಯನ್ನು ಸಂತೋಷದಿಂದ ತಿಳಿಸಿದ್ದೀರಿ. ಆಕಾಶದಿಂದ ತೆಗೆದ ನಮ್ಮ ಕೆರೆಯ, ಬೆಟ್ಟದ ಚಿತ್ರಗಳನ್ನೂ ಕೆಲವರು ಕಳುಹಿಸಿದ್ದೀರಿ. ಚಿತ್ರಗಳು ಸೊಗಸಾಗಿವೆ. ಆದರೂ ಮೇಷ್ಟರ ಹಳೆಯ ಅಭ್ಯಾಸದಂತೆ ಒಂದು ಮಾತು ಹೇಳದೆ ಇರಲಾರೆ. ಮಕ್ಕಳಿಗೆ ಹಾರುವ ಯಂತ್ರವನ್ನು ಕೊಡಿಸುವುದಾದರೆ ಹಾರಲು ಸಿದ್ಧವಾಗಿ ಬಂದದ್ದನ್ನು ಕೊಡಿಸಬೇಡಿ, ಕಟ್ಟಬೇಕಾದದ್ದನ್ನು ಕೊಡಿಸಿ. ರೇಡಿಯೋ ನಿಯಂತ್ರಣದ ಮಾದರಿ ವಿಮಾನವೊಂದನ್ನು ಅವರು ತಮ್ಮ ಕೈಯಿಂದ ಕಟ್ಟಲಿ. ಅದರ ಮೂಗಿನಲ್ಲಿ ಎಂಜಿನ್ ಕೂರಿಸುವ ಕೆಲಸವನ್ನಂತೂ ಅವರೇ ಮಾಡಲಿ. ಇದು ಕೇವಲ ಹವ್ಯಾಸದ ಮಾತಲ್ಲ. ನಮ್ಮ ಸೀಮೆಯ ಮಕ್ಕಳ ನಾಳೆಗೆ ಸಂಬಂಧಿಸಿದ ಮಾತೆಂದು ನಾನು ತಿಳಿದಿದ್ದೇನೆ.

ಆವತಿ ಎಂದರೆ ಇತಿಹಾಸ ಬಲ್ಲವರಿಗೆ ಆವತಿ ನಾಡಪ್ರಭುಗಳ ನೆನಪಾಗುತ್ತದೆ. 1501ರಲ್ಲಿ ದೇವನಹಳ್ಳಿಯ ಮಣ್ಣಿನ ಕೋಟೆಯನ್ನು ಕಟ್ಟಿಸಿದ ಮಲ್ಲಬೈರೇಗೌಡ ಈ ವಂಶದವನೇ. ವಲಸೆ ಬಂದು, ಬೆಟ್ಟದ ಬುಡದಲ್ಲಿ ನೆಲೆನಿಂತು, ಊರು ಕೆರೆಗಳನ್ನು ಕಟ್ಟಿದವರ ನೆಲವಿದು. ಆದರೆ ಇಂದು ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಈ ಕಡೆಯ ಗುರುತು ವಿಮಾನ ನಿಲ್ದಾಣವೊಂದೇ. 2008ರ ಮೇ ತಿಂಗಳಿನಲ್ಲಿ ಅದು ಆರಂಭವಾದಂದಿನಿಂದ ನಮ್ಮ ಮಕ್ಕಳು ವಿಮಾನದ ಸದ್ದಿನಲ್ಲಿಯೇ ಬೆಳೆಯುತ್ತಿದ್ದಾರೆ. ನಾನು ಬಾಲಕನಾಗಿದ್ದಾಗ ವಿಮಾನದ ಸದ್ದು ಕೇಳಿದರೆ ಊಟ ಬಿಟ್ಟು ಅಂಗಳಕ್ಕೆ ಓಡುತ್ತಿದ್ದೆವು. ಈಗಿನ ಮಕ್ಕಳು ತಲೆಯನ್ನೂ ಎತ್ತುವುದಿಲ್ಲ.

ನಿಲ್ದಾಣಕ್ಕಾಗಿ 4,000 ಎಕರೆಗೂ ಮಿಗಿಲಾದ ಭೂಮಿ ಹೋಯಿತು. ಆನಂತರ ಏರೋಸ್ಪೇಸ್ ಪಾರ್ಕಿನ ಹೆಸರಿನಲ್ಲಿ ಮತ್ತಷ್ಟು ಭೂಮಿ ಹೋಯಿತು. ನಮ್ಮದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಯನ್ನು ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾಪದ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು; 2025ರ ಜುಲೈ 15ರಂದು ಸರ್ಕಾರ ಆ ಪ್ರಸ್ತಾಪವನ್ನು ಕೈಬಿಟ್ಟಿತು. ಸರಿ ತಪ್ಪುಗಳ ವಿಚಾರವನ್ನು ಬೇರೊಂದು ದಿನ ಬರೆದೇನು. ನನ್ನನ್ನು ಕಾಡುವ ಪ್ರಶ್ನೆ ಬೇರೆಯದು. ವಿಮಾನದ ಹೆಸರಿನಲ್ಲಿ ಇಷ್ಟೆಲ್ಲ ನಡೆಯಿತಲ್ಲ, ವಿಮಾನದ ವಿದ್ಯೆ ನಮ್ಮ ಮಕ್ಕಳಿಗೆ ಎಷ್ಟು ದೊರೆಯಿತು? ನನ್ನ ಶಿಷ್ಯರಲ್ಲಿ ಕೆಲವರು ಅಲ್ಲಿ ಟ್ಯಾಕ್ಸಿ ಓಡಿಸುತ್ತಾರೆ, ಕೆಲವರು ಸಾಮಾನು ಹೊರುತ್ತಾರೆ, ಕೆಲವು ಹೆಣ್ಣುಮಕ್ಕಳು ನೆಲ ಒರೆಸುತ್ತಾರೆ. ಬೆವರು ಸುರಿಸುವ ಯಾವ ಕೆಲಸವೂ ಕೀಳಲ್ಲ. ಅವರ ಬಗ್ಗೆ ನನಗೆ ಹೆಮ್ಮೆಯೇ ಇದೆ. ಆದರೆ ರೆಕ್ಕೆಯ ಕೆಳಗೆ ನಿಂತು ದುಡಿಯುವವರಿಗೆ ರೆಕ್ಕೆ ಹೇಗೆ ಕೆಲಸ ಮಾಡುತ್ತದೆಂಬುದು ತಿಳಿಯದೇ ಉಳಿಯುವುದು ನೋವಿನ ಸಂಗತಿ.

ಇದಕ್ಕೆ ಪರಿಹಾರವಾಗಿ ಶಾಲೆಗಳಿಗೆ ಡ್ರೋನ್ ಬಂದಿದೆಯಲ್ಲ ಎಂದು ನೀವು ಕೇಳಬಹುದು. ನೀತಿ ಆಯೋಗದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು 2016ರಿಂದ ಆರಂಭವಾಗಿವೆ. ಒಂದೊಂದು ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ಅನುದಾನವಿದೆ. 2025ರ ಕೇಂದ್ರ ಮುಂಗಡಪತ್ರದಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50,000 ಪ್ರಯೋಗಾಲಯಗಳನ್ನು ಕೊಡುವುದಾಗಿ ಘೋಷಿಸಲಾಯಿತು. ಇವು ಬರಬೇಕಾದವುಗಳೇ. ಆದರೆ ಸಿದ್ಧಪಡಿಸಿ ತಂದ ಡ್ರೋನಿನಲ್ಲಿ ಒಂದು ತೊಡಕಿದೆ. ಅದರೊಳಗಿನ ಪುಟ್ಟ ಗಣಕವು ಕ್ಷಣಕ್ಷಣಕ್ಕೂ ವಾಲುವಿಕೆಯನ್ನು ಅಳೆದು, ನಾಲ್ಕು ಮೋಟಾರುಗಳ ವೇಗವನ್ನು ತಾನೇ ಹೊಂದಿಸಿ, ತನ್ನ ಸಮತೋಲವನ್ನು ತಾನೇ ಕಾಯ್ದುಕೊಳ್ಳುತ್ತದೆ. ಹುಡುಗ ಗುಂಡಿ ಒತ್ತುತ್ತಾನೆ, ಅದು ಏರುತ್ತದೆ. ಕೈಬಿಡುತ್ತಾನೆ, ಅದು ಇದ್ದಲ್ಲಿಯೇ ನಿಲ್ಲುತ್ತದೆ. ಸಮತೋಲವೆಂದರೇನು ಎಂದು ಅವನಿಗೆ ಯಾರೂ ಹೇಳಬೇಕಾಗುವುದಿಲ್ಲ, ಅವನು ಕೇಳಬೇಕಾಗಿಯೂ ಇಲ್ಲ. ಮಾದರಿ ವಿಮಾನವಾದರೋ ಅಷ್ಟು ದಯಾಳುವಲ್ಲ. ಕಟ್ಟಿದವನು ಎಲ್ಲಿ ಉದಾಸೀನ ಮಾಡಿದ್ದಾನೋ ಅದನ್ನು ಮೊದಲ ಹಾರಾಟದಲ್ಲಿಯೇ ಎಲ್ಲರೆದುರು ಸಾರಿಬಿಡುತ್ತದೆ.

ಈ ವಿಮಾನದ ಕಟ್ಟಡವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ರೆಕ್ಕೆಗೂ ಮೈಗೂ ಹಿಂದಿನಿಂದ ಬಳಸುತ್ತ ಬಂದದ್ದು ದಕ್ಷಿಣ ಅಮೆರಿಕ ಮೂಲದ ಬಾಲ್ಸಾ ಎಂಬ ಹಗುರ ಮರ. ನಮ್ಮ ಬೆಂಡಿನಂತೆ ಉಗುರಿನಿಂದ ಒತ್ತಿದರೆ ಗುಳಿ ಬೀಳುವಂಥದ್ದು. ಈಗ ಥರ್ಮೋಕೋಲ್ ಹಾಳೆಯಲ್ಲಿಯೂ ಚೆನ್ನಾಗಿಯೇ ಕಟ್ಟುತ್ತಾರೆ. ಮೈಯೆಲ್ಲ ಎಷ್ಟೇ ಹಗುರವಾಗಿರಲಿ, ಮೂಗಿನಲ್ಲಿ ಒಂದು ಅಡ್ಡಗೋಡೆ ಮಾತ್ರ ಗಟ್ಟಿಯಾಗಿರಬೇಕು. ಅದಕ್ಕೆ ಫೈರ್‌ವಾಲ್ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಆರು ಮಿಲಿಮೀಟರ್ ದಪ್ಪದ ಒಳ್ಳೆಯ ಪ್ಲೈವುಡ್ಡಿನದು. ಎಂಜಿನ್ನು ಕೂರುವುದು ಇದರ ಮೇಲೆ. ಎಳೆತವೂ ಅದುರುವಿಕೆಯೂ ಮೊದಲು ಬಂದು ತಟ್ಟುವುದು ಈ ಹಲಗೆಗೆ. ಇಲ್ಲಿಂದಲೇ ಅದು ಇಡೀ ಮೈಗೆ ಹಂಚಿಹೋಗಬೇಕು. ಆದ್ದರಿಂದ ಇದನ್ನು ಎಪಾಕ್ಸಿ ಅಂಟಿನಿಂದ ಕೂಡಿಸಿ, ಮೂಲೆಗಳಲ್ಲಿ ಮರದ ಪಟ್ಟಿಗಳ ಆಸರೆ ಕೊಟ್ಟು, ಎಣ್ಣೆ ಹೀರದಂತೆ ಮೇಲ್ಮೈಗೂ ಅಂಟು ಸವರುತ್ತಾರೆ.

ಎಂಜಿನ್ನುಗಳ ವಿಚಾರವೂ ಸ್ವಾರಸ್ಯಕರ. ಬಹಳ ಕಾಲ ಜನಪ್ರಿಯವಾಗಿದ್ದದ್ದು ಗ್ಲೋ ಎಂಜಿನ್. ಸಾಧಾರಣ ತರಬೇತಿ ಮಾದರಿಗೆ ಆರೂವರೆ ಸಿ.ಸಿ. ಎಂಜಿನ್ ಸಾಕು. ನಮ್ಮ ಕಾಲದ ಲೂನಾ ಮೊಪೆಡ್ಡಿನ ಎಂಜಿನ್ 50 ಸಿ.ಸಿ. ಎಂಬುದನ್ನು ನೆನೆದರೆ ಇದರ ಪುಟ್ಟತನ ಅರಿವಾದೀತು. ಆದರೂ ಇದು ನಿಮಿಷಕ್ಕೆ ಹತ್ತು ಹನ್ನೆರಡು ಸಾವಿರ ಸುತ್ತು ತಿರುಗುತ್ತದೆ. ಇದರ ಇಂಧನ ಮೆಥನಾಲ್, ಸ್ವಲ್ಪ ನೈಟ್ರೋಮೀಥೇನ್, ಮತ್ತು ಜಾರಿಕೆಗೆ ಹರಳೆಣ್ಣೆ. ಹೌದು, ನಮ್ಮ ಅಜ್ಜಿಯರು ನೆತ್ತಿಗೆ ತಟ್ಟುತ್ತಿದ್ದ ಅದೇ ಹರಳೆಣ್ಣೆ! ಹೆಚ್ಚು ಬಿಸಿಯಲ್ಲಿಯೂ ಅದರ ಜಿಡ್ಡು ಸುಲಭವಾಗಿ ಬಿಡುವುದಿಲ್ಲ. ಮೆಥನಾಲಿನೊಡನೆ ಅದು ಚೆನ್ನಾಗಿ ಬೆರೆಯುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳ ರೋಟರಿ ಎಂಜಿನ್ನುಗಳೂ ಹರಳೆಣ್ಣೆಯಿಂದಲೇ ಓಡಿದವು. ಹೊಲದ ಬದುವಿನ ಔಡಲ ಗಿಡಕ್ಕೂ ಆಕಾಶದ ವಿಮಾನಕ್ಕೂ ಇರುವ ಈ ನಂಟನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನ ಹುಡುಗರೂ ಕಿವಿ ನೆಟ್ಟಗೆ ಮಾಡುತ್ತಿದ್ದರು.

ಈಗ ಎಂಜಿನ್ ಕೂರಿಸುವ ಕೆಲಸಕ್ಕೆ ಬರೋಣ. ಹಿಂದೆ ಮೂಗಿನಿಂದ ಮುಂದಕ್ಕೆ ಚಾಚಿದ ಎರಡು ಗಟ್ಟಿಮರದ ತೊಲೆಗಳ ನಡುವೆ ಎಂಜಿನ್ನನ್ನಿಟ್ಟು ಬೋಲ್ಟು ಬಿಗಿಯುತ್ತಿದ್ದರು. ಆಮೇಲೆ ಗಾಜಿನ ನಾರು ಬೆರೆಸಿದ ನೈಲಾನಿನ ಆಸನಗಳು ಬಂದವು. ಆಸನವನ್ನು ಫೈರ್‌ವಾಲಿಗೆ ನಾಲ್ಕು ಬೋಲ್ಟುಗಳಿಂದ ಬಿಗಿಯಬೇಕು. ನಟ್ಟುಗಳು ಹಲಗೆಯ ಹಿಂಬದಿಯಲ್ಲಿ ಹಲ್ಲೂರಿ ಕುಳಿತಿರಬೇಕು, ಏಕೆಂದರೆ ವಿಮಾನ ಮುಚ್ಚಿದ ಮೇಲೆ ಅಲ್ಲಿಗೆ ಕೈ ಹೋಗದು. ಅದುರುವಿಕೆಗೆ ಬೋಲ್ಟು ಸಡಿಲಾಗದಂತೆ ಎಳೆಗಳಿಗೆ ಹಿಡಿತದ ಅಂಟು ಹಾಕಬೇಕು. ಇಂಧನದ ಡಬ್ಬಿಯನ್ನು ಎಂಜಿನ್ನಿನ ಕಾರ್ಬ್ಯುರೇಟರಿನ ಮಟ್ಟಕ್ಕೇ ಇಡಬೇಕು. ಮೇಲಾದರೆ ಇಂಧನ ಉಕ್ಕುತ್ತದೆ, ಕೆಳಗಾದರೆ ಮೇಲೇರುವಾಗ ಎಂಜಿನ್ ಬಾಯಾರಿ ನಿಲ್ಲುತ್ತದೆ. ಇಷ್ಟಾದ ಮೇಲೆ ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ವಿಮಾನವನ್ನು ಎತ್ತಿ ತೂಗಬೇಕು. ರೆಕ್ಕೆಯ ಮುಂಚೂಣಿಯಿಂದ ಅದರ ಅಗಲದ ನಾಲ್ಕನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದೊಳಗೆ ಗುರುತ್ವಕೇಂದ್ರ ಇರಬೇಕು. ಮೂಗು ಹಗುರವಾಯಿತೆಂದು ಸೀಸ ತುಂಬುವವರುಂಟು. ಬಲ್ಲವರು ಎಂಜಿನ್ನನ್ನೇ ನಾಲ್ಕಾರು ಮಿಲಿಮೀಟರ್ ಮುಂದಕ್ಕೆ ಸರಿಸುತ್ತಾರೆ. ಇಲ್ಲದ ಭಾರವನ್ನು ಹೊರಿಸುವುದಕ್ಕಿಂತ ಇರುವ ಭಾರವನ್ನು ಸರಿಯಾದ ಸ್ಥಳದಲ್ಲಿಡುವುದು ಜಾಣತನವೆಂಬ ಪಾಠ ಇಲ್ಲಿದೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಎಂಜಿನ್ನಿನ ಓರೆ. ಎಂಜಿನ್ನನ್ನು ನೇರವಾಗಿ ಮುಂದಕ್ಕೆ ಮುಖಮಾಡಿ ಕೂರಿಸುವುದಿಲ್ಲ. ಎರಡು ಡಿಗ್ರಿಯಷ್ಟು ಬಲಕ್ಕೂ, ರೆಕ್ಕೆ ಮೇಲಿರುವ ಮಾದರಿಗಳಲ್ಲಿ ಸ್ವಲ್ಪ ಕೆಳಕ್ಕೂ ವಾಲಿಸುತ್ತಾರೆ. ಹಿಂದಿನಿಂದ ನೋಡಿದರೆ ಪ್ರೊಪೆಲರ್ ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ವಿಮಾನದ ಮೈ ಎಡಕ್ಕೆ ಮಗುಚಲು ನೋಡುತ್ತದೆ. ಪ್ರೊಪೆಲರಿನಿಂದ ಹೊರಟ ಗಾಳಿ ಸುರುಳಿ ಸುತ್ತುತ್ತ ಹಿಂದಕ್ಕೆ ಹೋಗಿ ಬಾಲದ ನಿಲುರೆಕ್ಕೆಗೆ ಒಂದು ಪಕ್ಕದಿಂದ ಬಡಿಯುವುದರಿಂದ ಮೂಗೂ ಎಡಕ್ಕೆ ಹೊರಳುತ್ತದೆ. ಇದನ್ನೆಲ್ಲ ಸರಿದೂಗಿಸುವುದು ಆ ಎರಡು ಡಿಗ್ರಿಯ ಓರೆ. ಅದನ್ನು ತರಲು ಆಸನದ ಹಿಂದೆ ಒಂದು ಪಕ್ಕದಲ್ಲಿ ತೆಳ್ಳನೆಯ ವಾಷರ್ ಸಿಕ್ಕಿಸಿದರಾಯಿತು.

ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದ ನನ್ನ ಶಿಷ್ಯನೊಬ್ಬ ಅನೇಕ ವರ್ಷಗಳ ಹಿಂದೆ ತಾನು ಕಟ್ಟಿದ ಮಾದರಿಯನ್ನು ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳಕ್ಕೆ ತಂದು ನಮ್ಮ ಮಕ್ಕಳಿಗೆ ತೋರಿಸಿದ್ದನು. ಈ ವಾಷರಿನ ವಿಷಯವನ್ನು ಅವನು ವಿವರಿಸುತ್ತಿರುವಾಗ ಮಕ್ಕಳು ಮಿಕಮಿಕ ನೋಡುತ್ತಿದ್ದರು. ದನ ಮೇಯಿಸಲು ಬಂದು ಅಲ್ಲಿ ನಿಂತಿದ್ದ ವೃದ್ಧ ರೈತರೊಬ್ಬರು, "ಅಷ್ಟೇನಪ್ಪಾ? ನೇಗಿಲು ಆಳಕ್ಕೆ ಹೋದ್ರೆ ಈಸಿಗೆ ಬೆಣೆ ಹೊಡೆಯಾಕಿಲ್ವಾ, ಹಂಗೇ ಅನ್ನು" ಎಂದರು. ಶಿಷ್ಯನು ಒಂದು ಗಳಿಗೆ ಸುಮ್ಮನಿದ್ದು, "ಹೌದು ಕಣ್ ತಾತಾ, ಅದೇ ಇದು" ಎಂದನು. ಮಕ್ಕಳ ಮುಖಗಳೆಲ್ಲ ಅರಳಿದವು. ಎಳೆಯುವ ಬಲ ಎಷ್ಟಿದ್ದರೂ ಅದನ್ನು ಕಟ್ಟಿದ ಕೋನ ಸರಿಯಿಲ್ಲದಿದ್ದರೆ ಸಾಲು ಸೊಟ್ಟಗಾಗುತ್ತದೆಂಬ ತಿಳಿವು ಈ ಮಣ್ಣಿನಲ್ಲಿ ಮೊದಲೇ ಇತ್ತು. ಆಷಾಢದಲ್ಲಿ ಗಾಳಿಪಟಕ್ಕೆ ಸೂತ್ರ ಕಟ್ಟುವ ದೊಡ್ಡಬಳ್ಳಾಪುರದ ಹುಡುಗರಿಗೂ ಅದು ಗೊತ್ತು. ಸೂತ್ರ ಒಂದು ಬೆರಳು ಮೇಲಾದರೆ ಪಟ ಗೋತಾ ಹೊಡೆಯುತ್ತದೆ. ನಮ್ಮ ಮಕ್ಕಳು ಏನೂ ಅರಿಯದವರಲ್ಲ. ಅವರು ಅರಿತದ್ದಕ್ಕೂ ಪಠ್ಯಪುಸ್ತಕಕ್ಕೂ ನಡುವೆ ಒಂದು ಸೇತುವೆ ಬೇಕಾಗಿದೆ. ಮಾದರಿ ವಿಮಾನ ಅಂಥ ಸೇತುವೆಯಾಗಬಲ್ಲದು.

ರೈಟ್ ಸಹೋದರರು ಕಾಲೇಜು ಕಂಡವರಲ್ಲ, ಸೈಕಲ್ ಅಂಗಡಿಯವರು. ಅವರು ಮೊದಲು ಗಾಳಿಪಟವನ್ನೂ ಗ್ಲೈಡರನ್ನೂ ಹಾರಿಸಿ ಕಲಿತರು. 1903ರ ಯಂತ್ರಕ್ಕೆ ಬೇಕಾದ ಎಂಜಿನ್ನನ್ನು ಅವರ ಅಂಗಡಿಯ ಯಂತ್ರಗಾರ ಚಾರ್ಲಿ ಟೇಲರ್ ಕೆಲವೇ ವಾರಗಳಲ್ಲಿ ಮಾಡಿಕೊಟ್ಟನು. ಎಂಜಿನ್ನನ್ನು ನಡುವಿನಲ್ಲಿಡಲು ಆಗಲಿಲ್ಲ, ಚಾಲಕನು ಮಲಗಲು ಸ್ಥಳ ಬೇಕಿತ್ತು. ಆದ್ದರಿಂದ ಅದನ್ನು ಬಲಪಕ್ಕಕ್ಕೆ ಕೂರಿಸಿದರು. ಎಂಜಿನ್ ಮನುಷ್ಯನಿಗಿಂತ ಭಾರವಾಗಿದ್ದುದರಿಂದ ಬಲರೆಕ್ಕೆಯನ್ನು ನಾಲ್ಕು ಅಂಗುಲ ಉದ್ದವಾಗಿಸಿದರು. ಎರಡು ಪ್ರೊಪೆಲರುಗಳು ಒಂದಕ್ಕೊಂದು ವಿರುದ್ಧವಾಗಿ ತಿರುಗಿ ಪರಸ್ಪರ ತಿರುಚನ್ನು ಕಳೆದುಹಾಕಲೆಂದು ಒಂದು ಚೈನನ್ನು ಎಂಟರ ಆಕಾರದಲ್ಲಿ ಅಡ್ಡಹಾಯಿಸಿದರು. ಸೈಕಲ್ ಚೈನ್ ಬಿಗಿಸಿ ಪಳಗಿದ ಕೈಗಳಿಗೆ ಹೊಳೆದ ಉಪಾಯವಿದು.

ನಮ್ಮ ಬೆಂಗಳೂರಿನ ಚರಿತ್ರೆಯನ್ನೇ ನೋಡಿ. 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪನೆಯಾಯಿತು. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಮೊದಲು ಹಾರಿತು. ಮೈ ನಮ್ಮದು, ಎಂಜಿನ್ ಇಂಗ್ಲೆಂಡಿನದು. ಆನಂತರ ಜರ್ಮನಿಯ ಕರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಮಾರುತ್ ಯುದ್ಧವಿಮಾನದ ವಿನ್ಯಾಸ ನಡೆಯಿತು. ಅದನ್ನು ಕಟ್ಟುವ ಮುನ್ನ ಪೂರ್ಣ ಅಳತೆಯ, ಎಂಜಿನ್ ಇಲ್ಲದ ಮರದ ಗ್ಲೈಡರನ್ನು ಮಾಡಿ, ಡಕೋಟಾ ವಿಮಾನಕ್ಕೆ ಕಟ್ಟಿ ಮೇಲಕ್ಕೆಳೆದು, 1959ರಿಂದ ಹಾರಿಸಿ ನೋಡಿದರು. ಅಷ್ಟು ದೊಡ್ಡ ವಿದ್ವಾಂಸರೂ ಮರದ ಮಾದರಿಯಿಂದಲೇ ಆರಂಭಿಸಿದರೆಂಬುದನ್ನು ಗಮನಿಸಬೇಕು. ಮಾರುತ್ 1961ರ ಜೂನ್ 17ರಂದು ಹಾರಿತು. ಮೈಕಟ್ಟು ಶಬ್ದದ ಎರಡು ಪಟ್ಟು ವೇಗವನ್ನು ಗುರಿಯಾಗಿಟ್ಟುಕೊಂಡದ್ದು. ಆದರೆ ಅದಕ್ಕೆಂದು ನಂಬಿಕೊಂಡಿದ್ದ ಬ್ರಿಟಿಷ್ ಎಂಜಿನ್ನಿನ ಯೋಜನೆಯೇ ರದ್ದಾಯಿತು. ಕಡಿಮೆ ಬಲದ ಆರ್ಫಿಯಸ್ ಎಂಜಿನ್ನುಗಳನ್ನೇ ಕೂರಿಸಬೇಕಾಯಿತು. 1971ರ ಯುದ್ಧದಲ್ಲಿ ಅದು ಚೆನ್ನಾಗಿಯೇ ಹೋರಾಡಿತಾದರೂ ತನಗೆ ತಕ್ಕ ಎಂಜಿನ್ನನ್ನು ಕೊನೆಯವರೆಗೂ ಕಾಣಲಿಲ್ಲ.

ಅದೇ ಕಥೆ ಮತ್ತೆ ನಡೆಯಿತು. ಬೆಂಗಳೂರಿನ ಜಿ.ಟಿ.ಆರ್.ಇ. ಸಂಸ್ಥೆಯಲ್ಲಿ ಕಾವೇರಿ ಎಂಜಿನ್ ಯೋಜನೆಗೆ 1989ರಲ್ಲಿ ಮಂಜೂರಾತಿ ದೊರೆಯಿತು. ತೇಜಸ್ 2001ರ ಜನವರಿ 4ರಂದು ಹಾರಿದ್ದು ಅಮೆರಿಕದ ಎಂಜಿನ್ನಿನಿಂದ. 2008ರಲ್ಲಿ ಕಾವೇರಿಯನ್ನು ತೇಜಸ್ಸಿನಿಂದ ಬೇರ್ಪಡಿಸಲಾಯಿತು. ಹೊಸ ತೇಜಸ್ ಮಾರ್ಕ್-1ಎ ವಿಮಾನಗಳು ತಡವಾದುದಕ್ಕೆ ಅಮೆರಿಕದಿಂದ ಎಂಜಿನ್ ಬರುವುದು ತಡವಾದದ್ದೂ ಒಂದು ಮುಖ್ಯ ಕಾರಣ. ಆ ಸರಣಿಯ ಮೊದಲ ಎಂಜಿನ್ ಕೈಗೆ ಬಂದದ್ದು 2025ರ ಮಾರ್ಚಿನಲ್ಲಿ. ಇದನ್ನು ನಮ್ಮ ವಿಜ್ಞಾನಿಗಳ ನಿಂದೆಗಾಗಿ ಬರೆಯುತ್ತಿಲ್ಲ. ಜೆಟ್ ಎಂಜಿನ್ನು ಮನುಷ್ಯನು ಮಾಡಿದ ಅತ್ಯಂತ ಕಠಿಣ ವಸ್ತುಗಳಲ್ಲೊಂದು. ಕೆಲವೇ ದೇಶಗಳಿಗೆ ಆ ವಿದ್ಯೆ ಪೂರ್ಣವಾಗಿ ಒಲಿದಿದೆ. ಹಳ್ಳಿಯ ಹುಡುಗ ಥರ್ಮೋಕೋಲ್ ವಿಮಾನ ಕಟ್ಟಿದ ಮಾತ್ರಕ್ಕೆ ನಾಳೆಯೇ ದೇಶೀಯ ಎಂಜಿನ್ ಗುಡುಗೀತೆಂದು ನಂಬುವಷ್ಟು ಮುಗ್ಧನೂ ನಾನಲ್ಲ. ಆದರೆ ಎಂಜಿನ್ ಎಂದರೆ ಹೊರಗಿನಿಂದ ಬರುವ ಮುಚ್ಚಿದ ಪೆಟ್ಟಿಗೆ, ನಮ್ಮ ಕೆಲಸ ಅದನ್ನು ಉಪಯೋಗಿಸುವುದಷ್ಟೇ ಎಂಬ ಭಾವನೆ ಹನ್ನೆರಡು ವರ್ಷದ ಮನಸ್ಸಿನಲ್ಲಿ ಬೇರೂರಿದರೆ, ಅದೇ ಮುಂದೆ ದೇಶದ ಸ್ವಭಾವವಾಗುತ್ತದೆ. ಆ ಭಾವನೆಯನ್ನು ಕೀಳಬೇಕಾದ್ದು ಶಾಲೆಯಲ್ಲಿ.

ಇದಕ್ಕೆ ಬರುವ ಆಕ್ಷೇಪಗಳನ್ನೂ ಬಲ್ಲೆ. ಮೊದಲನೆಯದು ಅಪಾಯ. ತಿರುಗುವ ಪ್ರೊಪೆಲರ್ ಬೆರಳನ್ನು ಕತ್ತರಿಸಬಲ್ಲದು, ಮೆಥನಾಲ್ ವಿಷ. ಆದಕಾರಣ ಶಾಲೆಗಳಲ್ಲಿ ವಿದ್ಯುತ್ ಮೋಟಾರಿನಿಂದಲೇ ಆರಂಭಿಸಬೇಕೆಂಬುದು ನನ್ನ ಸಲಹೆ. ಪುಟ್ಟ ಮೋಟಾರು, ಅದರ ವೇಗ ನಿಯಂತ್ರಕ, ಹನ್ನೊಂದು ವೋಲ್ಟಿನ ಬ್ಯಾಟರಿ, ಇವಿಷ್ಟು ಸಾಕು. ಮೋಟಾರಿಗೂ ಲೋಹದ ಆಸನವುಂಟು, ನಾಲ್ಕು ತಿರುಪುಗಳುಂಟು, ಅದೇ ಎರಡು ಡಿಗ್ರಿಯ ಓರೆಯುಂಟು. ಕಲಿಯುವ ಪಾಠ ಬದಲಾಗುವುದಿಲ್ಲ. ಕೂರಿಸುವಾಗಲೂ ಪರೀಕ್ಷಿಸುವಾಗಲೂ ಪ್ರೊಪೆಲರ್ ಬಿಚ್ಚಿಡಬೇಕು, ತಿರುಗುವಾಗ ಅದರ ನೇರಕ್ಕೆ ಯಾರೂ ನಿಲ್ಲಬಾರದು, ಬ್ಯಾಟರಿಯನ್ನು ದೊಡ್ಡವರ ಕಣ್ಣೆದುರಿನಲ್ಲಿಯೇ ಚಾರ್ಜ್ ಮಾಡಬೇಕು. ಕುಡುಗೋಲು ಹಿಡಿದು ರಾಗಿ ಕುಯ್ದ ಮಕ್ಕಳಿಗೆ ಎಚ್ಚರಿಕೆಯೆಂದರೇನೆಂದು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಎರಡನೆಯದು ಕಾನೂನು. ವಿಮಾನ ನಿಲ್ದಾಣದ ಪಕ್ಕದಲ್ಲಿರುವ ನಮಗೆ ಇದು ಹಗುರವಾಗಿ ತೆಗೆದುಕೊಳ್ಳುವ ಮಾತಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ನಿಲ್ದಾಣದ ಗಡಿಯಿಂದ 8 ರಿಂದ 12 ಕಿಲೋಮೀಟರ್ ನಡುವಿನ ಪ್ರದೇಶದಲ್ಲಿ 200 ಅಡಿಗಿಂತ ಎತ್ತರಕ್ಕೆ ಅನುಮತಿ ಬೇಕು; ಅದಕ್ಕಿಂತ ಹತ್ತಿರದಲ್ಲಿ ಅನುಮತಿಯಿಲ್ಲದೆ ಹಾರಿಸುವಂತೆಯೇ ಇಲ್ಲ. ಹಾರಿಸುವ ಮುನ್ನ ಪ್ರತಿಸಲವೂ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನು ನೋಡುವುದನ್ನು ಮಕ್ಕಳಿಗೆ ಕಡ್ಡಾಯವಾಗಿ ಕಲಿಸಬೇಕು. ಆಕಾಶವೂ ಹೆದ್ದಾರಿಯಂತೆ ಎಲ್ಲರದೆಂಬ ಪೌರನೀತಿಯ ಪಾಠವದು. ಅನುಮತಿ ದೊರೆಯದ ಕಡೆ ರೇಡಿಯೋ ಬಿಟ್ಟು, ಎರಡು ತಂತಿಗಳ ತುದಿಯಲ್ಲಿ ವೃತ್ತಾಕಾರವಾಗಿ ಸುತ್ತುವ ಹಳೆಯ ಬಗೆಯ ಮಾದರಿಯನ್ನು ಕಟ್ಟಬಹುದು. ಅದು ತಂತಿಯ ಉದ್ದವನ್ನು ಮೀರಿ ಹೋಗದು. ಎನ್.ಸಿ.ಸಿ. ವಾಯುವಿಭಾಗದವರು ಇಂಥ ಮಾದರಿಗಳನ್ನು ಬಹುಕಾಲದಿಂದ ಅಭ್ಯಾಸ ಮಾಡಿಸುತ್ತ ಬಂದಿದ್ದಾರೆ. ಆ ಭಾಗ್ಯ ನಮ್ಮ ಕಡೆಯ ಹಳ್ಳಿಶಾಲೆಗೆ ಬಂದದ್ದನ್ನು ಮಾತ್ರ ನಾನು ಕಾಣೆ.

ಮೂರನೆಯದು ಹಣ ಮತ್ತು ಕಾಲ. ಎಸ್.ಎಸ್.ಎಲ್.ಸಿ. ಅಂಕಗಳ ಓಟದಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂದು ಪಾಲಕರು ಕೇಳುತ್ತಾರೆ. ಬಲ, ತಿರುಚು, ಗುರುತ್ವಕೇಂದ್ರ, ಕೋನಗಳ ಅಳತೆ, ವಿದ್ಯುತ್ ಪ್ರವಾಹ, ಇವುಗಳಲ್ಲಿ ಯಾವುದು ಪಠ್ಯದ ಹೊರಗಿನದು? ಒಂದು ವಿಮಾನದಲ್ಲಿ ಇವೆಲ್ಲವೂ ಕೈಗೆ ಸಿಗುತ್ತವೆ. ಹಣದ ಮಾತಿಗೆ ಬಂದರೆ, ನಿಮ್ಮಲ್ಲೊಬ್ಬರು ಹೊಸ ಮೊಬೈಲ್ ಕೊಳ್ಳುವುದನ್ನು ಒಂದು ವರ್ಷ ಮುಂದೂಡಿದರೆ ಒಂದು ಶಾಲೆಗೆ ಆರಂಭದ ಸಾಮಗ್ರಿ ಬಂದೀತು.

ನನ್ನ ಸೂಚನೆ ಇಷ್ಟೇ. ತಾಲ್ಲೂಕಿನ ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಒಂದು ಬಡಗಿಯ ಮೇಜು, ಅದರ ಮೇಲೆ ಮಕ್ಕಳೇ ಎಂಜಿನ್ ಅಥವಾ ಮೋಟಾರು ಕೂರಿಸಿ ಬಿಚ್ಚಿ ಮತ್ತೆ ಕೂರಿಸುವ ಒಂದು ಮೂಗುಹಲಗೆ, ಮತ್ತು ವರ್ಷಕ್ಕೆ ಒಂದು ವಿಮಾನ. ತಿಂಗಳಿಗೊಂದು ಭಾನುವಾರ ಅದಕ್ಕೆ ಮೀಸಲಾಗಿರಲಿ. ಊರಿನ ಬಡಗಿಯನ್ನೂ, ಬೈಕ್ ರಿಪೇರಿಯವನನ್ನೂ ಗುರುಗಳಾಗಿ ಕರೆಯಿರಿ. ಅವರಿಗೆ ತಿಳಿದಿರುವುದರಲ್ಲಿ ಅರ್ಧವೂ ನಮ್ಮಂಥ ಮೇಷ್ಟರುಗಳಿಗೆ ತಿಳಿಯದು. ಹೆಣ್ಣುಮಕ್ಕಳು ಬಣ್ಣ ಹಚ್ಚಲಿ, ಗಂಡುಮಕ್ಕಳು ಸ್ಪ್ಯಾನರ್ ಹಿಡಿಯಲಿ ಎಂಬ ಹಂಚಿಕೆ ಕೂಡದು. ಒಂದು ನಿಯಮವನ್ನು ಮಾತ್ರ ಬಿಡಬೇಡಿ: ಎಂಜಿನ್ ಕೂರಿಸದವರಿಗೆ ರಿಮೋಟ್ ಕೈಗಿಲ್ಲ.

ವಿಮಾನದ ಕಾರ್ಖಾನೆಗಳಲ್ಲಿ, ಪ್ರಯೋಗಾಲಯಗಳಲ್ಲಿ, ಗ್ಯಾರೇಜುಗಳಲ್ಲಿ ದುಡಿಯುತ್ತಿರುವ ನನ್ನ ಶಿಷ್ಯರೇ, ಹೊರದೇಶಗಳಲ್ಲಿ ನೆಲೆಸಿರುವ ಬಂಧುಗಳೇ, ಹಣಕ್ಕಿಂತ ಹೆಚ್ಚಾಗಿ ನಿಮ್ಮ ಒಂದು ಭಾನುವಾರವನ್ನು ಬೇಡುತ್ತಿದ್ದೇನೆ. ಊರಿಗೆ ಬಂದಾಗ ನೀವು ಓದಿದ ಶಾಲೆಗೆ ಹೋಗಿ, ನಾಲ್ಕು ಮಕ್ಕಳನ್ನು ಕೂರಿಸಿಕೊಂಡು, ನಾಲ್ಕು ಬೋಲ್ಟು ಬಿಗಿಯುವುದನ್ನು ತೋರಿಸಿ. ಯಾರು ಯಾವ ಶಾಲೆಗೆ ಹೋಗುವಿರೆಂಬುದನ್ನು ನನಗೆ ಬರೆದು ತಿಳಿಸಿದರೆ, ಆಯಾ ಶಾಲೆಯ ಮುಖ್ಯೋಪಾಧ್ಯಾಯರೊಡನೆ ಮಾತನಾಡುವ ಹೊಣೆ ನನ್ನದು. ಮುಂಗಾರಿನ ಗಾಳಿ ಇಳಿದ ಮೇಲೆ, ದಸರೆಯ ರಜೆಯ ಹೊತ್ತಿಗೆ ಮೊದಲ ಮೇಜು ಸಿದ್ಧವಾಗಲಿ.

ಎಲ್ಲರಿಗೂ ಶುಭವಾಗಲಿ.